ಮೂರು ಅಂತಸ್ತಿನ ಮಣ್ಣಿನ ಕಾಂಪೋಸ್ಟ್ ಮಡಕೆ: ಎರಡು ವರ್ಷ ಹಣ್ಣಿನ ಸಿಪ್ಪೆ ಹಾಕಿದ ಮೇಲೆ

ನಮ್ಮ ಮನೆಯಲ್ಲಿ ಹಣ್ಣು ತಿನ್ನುವುದು ಜಾಸ್ತಿ. ಮಾವನಿಗೆ ರಾತ್ರಿ ಊಟ ಆದ ಮೇಲೆ ಎರಡು ಏಲಕ್ಕಿ ಬಾಳೆಹಣ್ಣು ಇರಲೇಬೇಕು. ಮಗಳ ಡಬ್ಬಿಗೆ ದಿನಾ ಪಪ್ಪಾಯಿಯೋ ದಾಳಿಂಬೆಯೋ ಹೋಗುತ್ತದೆ. ಬೇಸಿಗೆ ಬಂತು ಅಂದರೆ ಕಲ್ಲಂಗಡಿ, ಆಮೇಲೆ ಬಾದಾಮಿ, ರಸಪುರಿ, ಸೇಂದೂರ, ಕೊನೆಗೆ ಹಲಸು. ಒಂದು ಸಲ ಮೇ ತಿಂಗಳಲ್ಲಿ ವಾರಪೂರ್ತಿ ಸಿಪ್ಪೆ, ಓಟೆ ಎಲ್ಲ ಕೂಡಿಟ್ಟು ತೂಕ ನೋಡಿದೆ. ಐದೂವರೆ ಕೆ.ಜಿ. ಬಂತು. ನಾವು ಇರೋದು ಐದೇ ಜನ.

ಇಷ್ಟನ್ನೂ ಬೆಳಿಗ್ಗೆ ಬರುವ ಕಸದ ಗಾಡಿಗೆ ಹಾಕುತ್ತಿದ್ದೆ. ಹಸಿ ಕಸ, ಒಣ ಕಸ ಬೇರೆ ಮಾಡುವುದು ಮೈಸೂರಿನವರಿಗೆ ಹೊಸದೇನಲ್ಲ. 2015ರಲ್ಲೂ 2016ರಲ್ಲೂ ಸ್ವಚ್ಛ ನಗರಗಳ ಪಟ್ಟಿಯಲ್ಲಿ ನಮ್ಮೂರು ದೇಶಕ್ಕೇ ಮೊದಲು ಬಂದಿತ್ತು, ಅದರ ಹೆಮ್ಮೆ ನನಗೆ ಈಗಲೂ ಇದೆ. ಆದರೆ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿತ್ತು. ಬೆಳಿಗ್ಗೆ ಸಿಪ್ಪೆ ಗಾಡಿಗೆ ಕೊಡುತ್ತಿದ್ದೆ, ಸಂಜೆ ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಗೊಬ್ಬರದ ಚೀಲ ಹೊತ್ತು ತರುತ್ತಿದ್ದೆ. ಟೆರೇಸಿನ ಮೇಲೆ ನಲವತ್ತು ಕುಂಡ ಇದೆ. ಮಲ್ಲಿಗೆ, ದಾಸವಾಳ, ಕರಿಬೇವು, ಬದನೆ, ಬಸಳೆ, ತೊಂಡೆ ಬಳ್ಳಿ. ಅವುಗಳ ಊಟ ನಮ್ಮ ಅಡುಗೆಮನೆಯಿಂದಲೇ ಹೊರಗೆ ಹೋಗುತ್ತಿತ್ತು.

ಹಾಗಾಗಿ 2023ರ ಯುಗಾದಿ ಆದ ಮೇಲೆ ಈ ಮಡಕೆ ತರಿಸಿದೆ. ಎರಡು ವರ್ಷಕ್ಕಿಂತ ಜಾಸ್ತಿ ಬಳಸಿದ್ದೇನೆ. ಕೊಳ್ಳಬೇಕೋ ಬೇಡವೋ ಅಂತ ಯೋಚನೆ ಮಾಡುತ್ತಿರುವವರಿಗೆ ನನಗೆ ಗೊತ್ತಾಗಿದ್ದನ್ನೆಲ್ಲ ಹೇಳುತ್ತೇನೆ.

ಮೊದಲು ವಸ್ತು ಹೇಗಿದೆ ಅಂತ. ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆ, ಮೇಲೊಂದು ಮುಚ್ಚಳ. ಜೋಡಿಸಿದರೆ ನನ್ನ ಸೊಂಟದ ತನಕ ಬರುತ್ತದೆ. ಒಂದೊಂದು ಮಡಕೆಯೂ ಹೆಚ್ಚುಕಮ್ಮಿ ಒಂದು ಬಿಂದಿಗೆಯಷ್ಟು ಹಿಡಿಯುತ್ತದೆ. ಮೇಲಿನ ಎರಡಕ್ಕೆ ತಳ ಇಲ್ಲ, ಹಗ್ಗದ ಬಲೆ ಕಟ್ಟಿದ್ದಾರೆ. ಅದರ ಮೇಲೆ ಹಳೇ ಪೇಪರ್ ಹಾಸಿ ಶುರು ಮಾಡಬೇಕು. ಕೆಳಗಿನದಕ್ಕೆ ಮಾತ್ರ ಗಟ್ಟಿ ತಳ. ಸುತ್ತ ಗಾಳಿಗೆ ತೂತುಗಳಿವೆ. ಬಣ್ಣ, ಪಾಲಿಶ್ ಏನೂ ಇಲ್ಲ, ಬರೀ ಸುಟ್ಟ ಮಣ್ಣು. ಹಾಗಿರೋದೇ ಒಳ್ಳೆಯದು. ಸಿಪ್ಪೆಯ ನೀರನ್ನು ಮಣ್ಣು ಹೀರಿ ಹೊರಗೆ ಆರಿಸಿಬಿಡುತ್ತದೆ, ಕುಡಿಯುವ ನೀರಿನ ಹೂಜಿ ತಣ್ಣಗಿರುತ್ತದಲ್ವಾ, ಅದೇ ಥರ. ಪ್ಲಾಸ್ಟಿಕ್ ಡ್ರಮ್ಮಿಗೆ ಈ ಗುಣ ಇಲ್ಲ.

ಬಳಸುವ ಕ್ರಮ ಸುಲಭ. ಮೇಲಿನ ಮಡಕೆಗೆ ದಿನಾ ಸಿಪ್ಪೆ ಹಾಕುತ್ತಾ ಹೋಗುವುದು. ನಮ್ಮ ಮನೆಯಲ್ಲಿ ಅದು ತುಂಬಲು ಒಂದು ತಿಂಗಳು ಬೇಕು. ತುಂಬಿದ್ದನ್ನು ನಡುವಿಗೆ ಇಳಿಸಿ, ನಡುವಿನ ಖಾಲಿ ಮಡಕೆಯನ್ನು ಮೇಲಕ್ಕೆ ಇಡುವುದು. ಅದೂ ತುಂಬಿದ ಮೇಲೆ ನಡುವಿನದನ್ನು ಕೆಳಗಿನ ಮಡಕೆಗೆ ಸುರಿಯುವುದು. ಕೆಳಗೆ ಇಳಿಯುವ ಹೊತ್ತಿಗೆ ಸಿಪ್ಪೆಯ ಗುರುತೇ ಇರುವುದಿಲ್ಲ.

ನನ್ನ ಮೊದಲ ತಿಂಗಳು ಮಾತ್ರ ಹೀಗಿರಲಿಲ್ಲ.

ಸಿಪ್ಪೆಯ ಜೊತೆ ಬೆರೆಸಲು ಅಂತ ಮಡಕೆಯೊಂದಿಗೆ ಬಂದಿದ್ದ ತೆಂಗಿನ ನಾರಿನ ಪುಡಿ ಎರಡು ವಾರದಲ್ಲಿ ಖಾಲಿ ಆಯಿತು. ಆಮೇಲೆ ಬರೀ ಸಿಪ್ಪೆ ಹಾಕುತ್ತಾ ಹೋದೆ. ಏಪ್ರಿಲ್ ತಿಂಗಳು, ದಿನಾ ಕಲ್ಲಂಗಡಿ. ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮುಖದ ಮೇಲೆ ಚಿಕ್ಕ ಚಿಕ್ಕ ನೊಣದ ಹಿಂಡು ಏಳುತ್ತಿತ್ತು. ಕೆಳಗೆ ಕಂದು ನೀರು ಇಳಿದು ಟೆರೇಸಿನ ಮೇಲೆ ಕಲೆ ಕಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ ಇನ್ನೆರಡು ಪ್ಯಾಕೆಟ್ ಪುಡಿ ತಗೊಳ್ಳಿ ಅಂದರು.

ಮಾವ ಹುಣಸೂರು ಕಡೆಯ ಹಳ್ಳಿಯವರು, ಬೇಸಾಯ ಮಾಡಿದವರು. ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಅವತ್ತು ನಿಧಾನಕ್ಕೆ ಹತ್ತಿ ಬಂದರು. ಒಂದು ಕಡ್ಡಿ ಹಾಕಿ ಕೆದಕಿ ನೋಡಿದರು.

"ಏನವ್ವಾ, ತಿಪ್ಪೆಗೆ ಯಾರಾದ್ರೂ ಬರೀ ಹಣ್ಣಿನ ಸಿಪ್ಪೆ ಹಾಕ್ತಾರಾ? ತರಗೆಲೆ ಎಲ್ಲಿ? ಉಸಿರಾಡಕ್ಕೆ ಜಾಗ ಬೇಡವಾ ಅದುಕ್ಕೆ?"

"ಮಾವ, ಇಲ್ಲಿ ತರಗೆಲೆ ಎಲ್ಲಿ ಸಿಗುತ್ತೆ?" ಅಂದೆ. ಅವರು ಟೆರೇಸಿನ ಅಂಚಿಗೆ ಹೋಗಿ ಕೆಳಗೆ ಕೈ ತೋರಿಸಿದರು. ನಮ್ಮ ಗೇಟಿನ ಮುಂದೆಯೇ ಎರಡು ಹೊಂಗೆ ಮರ ಇವೆ. ಇಷ್ಟು ವರ್ಷ ಅದರ ಎಲೆ ಗುಡಿಸಿ ಗುಡಿಸಿ ಸಾಕಾಗಿತ್ತು. ಕೆಲವರು ಅಲ್ಲೇ ಬೆಂಕಿ ಬೇರೆ ಹಾಕುತ್ತಿದ್ದರು. ಅವತ್ತೇ ಎರಡು ಅಕ್ಕಿ ಚೀಲ ತುಂಬಿಕೊಂಡೆ.

ಇದರ ಹಿಂದಿನ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಕಲ್ಲಂಗಡಿಯ ಸಿಪ್ಪೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಸಿಪ್ಪೆಗಳು ಒಂದಕ್ಕೊಂದು ಅಂಟಿಕೊಂಡು ಕೂತರೆ ಗಾಳಿ ಒಳಗೆ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವ ಸೂಕ್ಷ್ಮಜೀವಿಗಳೇ ಬೇರೆ, ಹುಳಿ ವಾಸನೆ ಅವುಗಳದು. ತರಗೆಲೆ ಆ ನೀರನ್ನು ಹೀರಿಕೊಂಡು ನಡುನಡುವೆ ಸಂದು ಬಿಡಿಸುತ್ತದೆ. ಈಗ ನನ್ನ ಲೆಕ್ಕ ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಪುಡಿ ಮಾಡಿದ ತರಗೆಲೆ. ಕಲ್ಲಂಗಡಿ ಇದ್ದ ದಿನ ಮೂರು. ವಾರಕ್ಕೊಮ್ಮೆ ಕೈಯಷ್ಟು ಉದ್ದದ ಕಡ್ಡಿಯಿಂದ ತಿರುವಿಬಿಡುತ್ತೇನೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಅಷ್ಟಿದ್ದರೆ ವಾಸನೆ ಬರುವುದಿಲ್ಲ. ನೊಣವೂ ಕಮ್ಮಿಯಾಯಿತು, ಯಾಕೆಂದರೆ ಸಿಪ್ಪೆ ಎಲೆಯ ಅಡಿಗೆ ಮುಚ್ಚಿಹೋಗಿರುತ್ತದೆ.

ಇನ್ನೊಂದು ಮಾತು. ಹಣ್ಣಿನ ಸಿಪ್ಪೆಯಲ್ಲಿ ಸಾರಜನಕ ಕಮ್ಮಿ. ತರಗೆಲೆಯಲ್ಲಂತೂ ಇನ್ನೂ ಕಮ್ಮಿ. ಇವೆರಡೇ ಹಾಕಿದರೆ ಕೊಳೆಯುವುದು ನಿಧಾನ. ಹಾಗಾಗಿ ಸೊಪ್ಪಿನ ದಂಟು, ತರಕಾರಿ ಕಸ, ಫಿಲ್ಟರಿನಲ್ಲಿ ಉಳಿದ ಕಾಫಿ ಪುಡಿ ಎಲ್ಲ ಅದಕ್ಕೇ ಸೇರುತ್ತದೆ. ತಿಂಗಳಿಗೊಮ್ಮೆ ಹಾಲಿನವರು ಕೊಡುವ ಒಂದು ಉಂಡೆ ಸಗಣಿಯನ್ನು ನೀರಲ್ಲಿ ಕದಡಿ ಚಿಮುಕಿಸುತ್ತೇನೆ. ಆ ಪ್ಯಾಕೆಟ್ ಪುಡಿಯನ್ನು ಎರಡು ವರ್ಷದಿಂದ ಮತ್ತೆ ತಂದಿಲ್ಲ.

ಯಾವ ಹಣ್ಣು ಈ ಮಡಕೆಯಲ್ಲಿ ಹೇಗೆ ವರ್ತಿಸುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾರುವವರು ಇದನ್ನು ಹೇಳುವುದಿಲ್ಲ.

ಬಾಳೆ ಸಿಪ್ಪೆಯಷ್ಟು ಸಾಧು ಬೇರೆ ಇಲ್ಲ. ಬೆರಳುದ್ದ ಕತ್ತರಿಸಿ ಹಾಕಿದರೆ ಎರಡು ಮೂರು ವಾರಕ್ಕೆ ಕರಗಿ ಕಪ್ಪು ಎಳೆ ಮಾತ್ರ ಉಳಿದಿರುತ್ತದೆ. ತೊಟ್ಟಿನ ಗಟ್ಟಿ ತುದಿಗೆ ಇನ್ನೂ ಸ್ವಲ್ಪ ಸಮಯ ಬೇಕು. ಪಪ್ಪಾಯಿ ಸಿಪ್ಪೆ ಇನ್ನೂ ಬೇಗ, ವಾರಕ್ಕೇ ಮಾಯ. ಅದರ ಬೀಜ ಮಾತ್ರ ಸಾಯುವುದಿಲ್ಲ. ಇಷ್ಟು ಚಿಕ್ಕ ಮಡಕೆ ದೊಡ್ಡ ತಿಪ್ಪೆಯಷ್ಟು ಬಿಸಿ ಏರುವುದಿಲ್ಲ, ಹಾಗಾಗಿ ಬೀಜಗಳು ಬದುಕಿಯೇ ಇರುತ್ತವೆ. ಈ ಗೊಬ್ಬರ ಹಾಕಿದ ಕುಂಡದಲ್ಲೆಲ್ಲ ಪಪ್ಪಾಯಿ, ಟೊಮೆಟೊ ಸಸಿ ತಾವಾಗಿಯೇ ಎದ್ದು ಬರುತ್ತವೆ. ಒಂದು ಟೊಮೆಟೊ ಗಿಡವನ್ನು ಕರಿಬೇವಿನ ಕುಂಡದಲ್ಲೇ ಬಿಟ್ಟೆ. ಹೋದ ಚಳಿಗಾಲದಲ್ಲಿ ಎರಡು ತಿಂಗಳು ಸಾರಿಗೆ ಅದರದೇ ಹಣ್ಣು.

ದಾಳಿಂಬೆ ಸಿಪ್ಪೆ ಒಗರು, ಗಟ್ಟಿ. ಒಣಗಿದರೆ ತೊಗಲಿನ ಹಾಗೆ ಆಗುತ್ತದೆ. ಹಸಿಯಾಗಿ ಇರುವಾಗಲೇ ಚೂರು ಮಾಡಿ ಹಾಕಬೇಕು. ಮಾವಿನ ಸಿಪ್ಪೆ ಚೆನ್ನಾಗಿ ಕೊಳೆಯುತ್ತದೆ, ಓಟೆ ಮಾತ್ರ ಮೂರೂ ಅಂತಸ್ತು ದಾಟಿ ಹಾಗೇ ಹೊರಗೆ ಬರುತ್ತದೆ. ಮೊದಲ ವರ್ಷ ಎಲ್ಲ ಓಟೆ ಹಾಕಿ, ಅರ್ಧ ಜಾಗ ಅವೇ ಹಿಡಿದವು. ಈಗ ಬೇರೆ ತೆಗೆದು ಬಿಸಿಲಿಗೆ ಹಾಕಿ, ನೀರೊಲೆ ಇರುವ ಪಕ್ಕದ ಮನೆಯವರಿಗೆ ಕೊಡುತ್ತೇನೆ. ಹಲಸಿನ ಹೊರ ಸಿಪ್ಪೆಯನ್ನಂತೂ ಹಾಕಲೇಬೇಡಿ. ಒಂದು ಹಣ್ಣಿನ ಮುಳ್ಳು ಸಿಪ್ಪೆಯೇ ಒಂದು ಮಡಕೆ ತುಂಬುತ್ತದೆ, ಅಂಟು ಬೇರೆ. ಹಾಲಿನವರ ಹಸು ಅದನ್ನು ಪ್ರೀತಿಯಿಂದ ತಿನ್ನುತ್ತದೆ, ಅದಕ್ಕೇ ಸೇರಲಿ.

ಮೂಸಂಬಿ, ಕಿತ್ತಳೆ ಸಿಪ್ಪೆಯಲ್ಲಿರುವ ಎಣ್ಣೆ ಕೊಳೆಯುವುದನ್ನು ನಿಧಾನ ಮಾಡುತ್ತದೆ, ಎರೆಹುಳುವಿಗೂ ಅದು ಆಗುವುದಿಲ್ಲ. ಸ್ವಲ್ಪ ಹಾಕಿದರೆ ತೊಂದರೆ ಇಲ್ಲ. ಜಾಸ್ತಿ ಇದ್ದರೆ ನಾನು ಬಯೋ ಎಂಜೈಮ್ ಮಾಡುತ್ತೇನೆ, ಅಂದರೆ ಸಿಪ್ಪೆಯನ್ನು ಬೆಲ್ಲದ ನೀರಲ್ಲಿ ಹುಳಿ ಬರಿಸಿದ ನೀರು. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಗಾಜಿನ ಬಾಟಲಿ ಬೇಡ, ಒಳಗೆ ಗ್ಯಾಸ್ ತುಂಬುತ್ತದೆ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಾಕಿ ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಬಿಗಿ ಮಾಡಬೇಕು. ಆ ನೀರು ಹುಳಿ, ಹಾಗೇ ಗಿಡಕ್ಕೆ ಸುರಿಯಬಾರದು. ನಾನು ನೆಲ ಒರೆಸಲು ಬಳಸುತ್ತೇನೆ, ತಳದಲ್ಲಿ ಉಳಿದ ಸಿಪ್ಪೆಯ ಮುದ್ದೆ ಮಡಕೆಗೆ ಹೋಗುತ್ತದೆ.

ಸೇಬಿನ ಮೇಲಿನ ಸ್ಟಿಕ್ಕರ್ ದಯವಿಟ್ಟು ಕಿತ್ತು ಹಾಕಿ. ಮೊದಲ ಸಲ ಗೊಬ್ಬರ ಜರಡಿ ಹಿಡಿದಾಗ ಹನ್ನೊಂದು ಸ್ಟಿಕ್ಕರ್ ಸಿಕ್ಕವು. ಸುತ್ತ ಎಲ್ಲ ಮಣ್ಣಾಗಿತ್ತು, ಅವು ಮಾತ್ರ ಅಂಗಡಿಯಿಂದ ಬಂದ ದಿನ ಇದ್ದ ಹಾಗೇ ಹೊಳೆಯುತ್ತಿದ್ದವು. ಉಪ್ಪು ಖಾರ ಹಾಕಿದ ಹಣ್ಣು ಉಳಿದರೂ ಹಾಕಬೇಡಿ, ಉಪ್ಪು ಗಿಡಕ್ಕೆ ಒಳ್ಳೆಯದಲ್ಲ.

ಇಲ್ಲಿ ಒಂದು ವಿಷಯ ಹೇಳದೆ ಇರಲಾರೆ. ಬಾಳೆ ಸಿಪ್ಪೆ ನೀರಲ್ಲಿ ನೆನೆಸಿ ಗುಲಾಬಿಗೆ ಹಾಕಿ, ಹೂವು ಗೊಂಚಲು ಗೊಂಚಲಾಗಿ ಬಿಡುತ್ತದೆ ಅನ್ನುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಮಡಕೆ ಕೊಳ್ಳುವ ಮೊದಲು ನಾನು ಅದನ್ನೇ ಮಾಡಿದ್ದೆ. ನಾಲ್ಕು ಗುಲಾಬಿ ಕುಂಡ ಇತ್ತು. ಎರಡಕ್ಕೆ ಸಿಪ್ಪೆ ನೀರು, ಎರಡಕ್ಕೆ ಬರೀ ನೀರು, ಮೂರು ತಿಂಗಳು. ಹೂವಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಸಿಪ್ಪೆ ನೀರಿನ ಕುಂಡದ ಮಣ್ಣಿನ ಮೇಲೆ ಸಣ್ಣ ನೊಣ ಜಾಸ್ತಿ ಆದವು ಅಷ್ಟೇ. ಬಾಳೆ ಸಿಪ್ಪೆಯಲ್ಲಿ ಪೊಟ್ಯಾಷಿಯಂ ಚೆನ್ನಾಗಿದೆ, ಅದರಲ್ಲಿ ಸ್ವಲ್ಪ ನೀರಿಗೆ ಇಳಿಯುತ್ತದೆ, ನಿಜ. ಆದರೆ ಒಂದೆರಡು ಸಿಪ್ಪೆಯಿಂದ ಇಳಿಯುವುದು ಎಷ್ಟು? ಎಲೆ, ಚಿಗುರಿಗೆ ಬೇಕಾದ ಸಾರಜನಕ ಅದರಲ್ಲಿ ಮೊದಲೇ ಇಲ್ಲ. ಇನ್ನು ಹಸಿ ಸಿಪ್ಪೆಯನ್ನು ಗಿಡದ ಬುಡದಲ್ಲೇ ಹೂಳುವುದು. ಕೆಳಗಿನ ಅಂಗಳದಲ್ಲಿ ಎರಡು ಬದನೆ ಗಿಡಕ್ಕೆ ಹಾಗೆ ಮಾಡಿದೆ. ಮೂರನೇ ದಿನ ಹೆಗ್ಗಣ ಗುಂಡಿ ತೋಡಿ ಗಿಡವನ್ನೇ ಬುಡಮೇಲು ಮಾಡಿತ್ತು. ಸಿಪ್ಪೆ ಗಿಡಕ್ಕೆ ಊಟ ಆಗಬೇಕಾದರೆ ಮೊದಲು ಅದು ಕೊಳೆತು ಮಣ್ಣಾಗಬೇಕು. ಈ ಮಡಕೆ ಮಾಡುವುದು ಆ ಕೆಲಸವನ್ನು, ಅದಕ್ಕೇ ನನಗೆ ಇದರ ಮೇಲೆ ಇಷ್ಟು ವಿಶ್ವಾಸ.

ಮೊದಲ ಗೊಬ್ಬರ ಕೈಗೆ ಬಂದಿದ್ದು ಆಗಸ್ಟಿನಲ್ಲಿ, ಮಳೆ ಬಿಟ್ಟ ಒಂದು ಭಾನುವಾರ. ಕೆಳಗಿನ ಮಡಕೆಯನ್ನು ಗೋಣಿಚೀಲದ ಮೇಲೆ ಮಗುಚಿದೆ. ಕಾಫಿ ಪುಡಿಗಿಂತ ಸ್ವಲ್ಪ ದಪ್ಪ, ಅದೇ ಬಣ್ಣ. ಅಲ್ಲಲ್ಲಿ ಹೊಂಗೆ ಎಲೆಯ ನರದ ಬಲೆ, ಎರಡು ಮಾವಿನ ಓಟೆ, ಆ ಸ್ಟಿಕ್ಕರ್‌ಗಳು. ಬೊಗಸೆಯಲ್ಲಿ ಎತ್ತಿ ಮೂಸಿದೆ. ಹಣ್ಣಿನ ವಾಸನೆಯೂ ಇಲ್ಲ, ಕೊಳೆತ ವಾಸನೆಯೂ ಇಲ್ಲ. ಬೇಸಿಗೆಯ ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಬರುತ್ತದಲ್ಲ, ಅದೇ ಘಮ. ಒಂದು ಬಟ್ಟಲಲ್ಲಿ ಹಾಕಿಕೊಂಡು ಕೆಳಗೆ ಹೋಗಿ ಮಾವನ ಮುಂದೆ ಹಿಡಿದೆ. ಎರಡು ಬೆರಳಲ್ಲಿ ಉಜ್ಜಿ ನೋಡಿ, "ಆಗದೆ ಕಣವ್ವಾ, ಚೆಂದಾಗಿ ಆಗದೆ" ಅಂದರು. ಆಮೇಲೆ ತಮ್ಮ ಊರಿನ ತಿಪ್ಪೆಗುಂಡಿಯಿಂದ ಹಿಡಿದು ನಂಜನಗೂಡು ರಸಬಾಳೆಯವರೆಗೆ ಮಾತಾಡಿದರು. ಸೊರಗು ರೋಗ ಬಂದು ರಸಬಾಳೆ ತೋಟಗಳು ಹೋದದ್ದನ್ನು ಕಣ್ಣಾರೆ ಕಂಡವರು ಅವರು. ಆ ಹಣ್ಣಿನ ರುಚಿ ಹೇಳುವಾಗ ಅವರ ದನಿ ಮೆತ್ತಗಾಗುತ್ತದೆ.

ಜರಡಿ ಹಿಡಿದ ಮೇಲೆ ಒಂದು ಮಡಕೆಯಿಂದ ಮೂರೂವರೆ ಕೆ.ಜಿ. ಬಂತು. ಹಾಕಿದ್ದಕ್ಕೆ ಹೋಲಿಸಿದರೆ ಬಹಳ ಕಮ್ಮಿ ಅನಿಸಬಹುದು. ಸಿಪ್ಪೆಯಲ್ಲಿದ್ದುದು ಬಹುಪಾಲು ನೀರು, ಅದು ಆರಿಹೋಗುತ್ತದೆ. ಕುಂಡಕ್ಕೆ ಎರಡು ಹಿಡಿ, ಬುಡದಿಂದ ನಾಲ್ಕು ಬೆರಳು ದೂರದಲ್ಲಿ ಮಣ್ಣು ಸಡಿಲಿಸಿ ಹಾಕುತ್ತೇನೆ. ದಾಸವಾಳ ಮತ್ತು ಮಲ್ಲಿಗೆಯಲ್ಲಿ ಫರಕು ಚೆನ್ನಾಗಿ ಕಂಡಿತು. ಮಣ್ಣು ಮೊದಲು ಗಟ್ಟಿಯಾಗಿ ಬಿರುಕು ಬಿಡುತ್ತಿತ್ತು, ಈಗ ಬೆರಳು ಸಲೀಸಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ನೀರು ಹಾಕುವುದು ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿದಿದೆ. ಆದರೆ ಬದನೆ, ಬಸಳೆಗೆ ಇದೊಂದೇ ಸಾಲದು. ಅವಕ್ಕೆ ಕಡಲೆಕಾಯಿ ಹಿಂಡಿ ನೆನೆಸಿ, ತಿಳಿ ಮಾಡಿ ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ. ಎಲ್ಲ ಗಿಡಕ್ಕೂ ಇದೊಂದೇ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ತೊಂದರೆಗಳು. ನಾನು ಕೊಟ್ಟಿದ್ದು 2,150 ರೂಪಾಯಿ. ಬಂದ ದಿನವೇ ಕೆಳಗಿನ ಮಡಕೆಯ ತಳದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಟೆರೇಸಿನ ಮೇಲೆ ಕಂದು ನೀರು ಇಳಿದದ್ದು ಅಲ್ಲಿಂದಲೇ. ಫೋಟೊ ಕಳಿಸಿದೆ, ಮೂರು ವಾರ ಮೇಲ್ ಮಾಡಿದೆ. ಬದಲಿ ಬರಲೇ ಇಲ್ಲ. ಡಬ್ಬದ ಮೇಲೆ 30 ದಿನದಲ್ಲಿ ಗೊಬ್ಬರ ಅಂತ ದೊಡ್ಡದಾಗಿ ಬರೆದಿದ್ದರು. ಅದು ಸರಿಯಲ್ಲ. ಎಲ್ಲ ನೆಟ್ಟಗೆ ಮಾಡಿದರೂ ಮೂರು ತಿಂಗಳು ಬೇಕು, ಮಳೆಗಾಲದಲ್ಲಿ ನಾಲ್ಕು. ಹತ್ತು ತಿಂಗಳಿಗೆ ನಡುವಿನ ಮಡಕೆಯ ನಾರಿನ ಹಗ್ಗ ಕೊಳೆತು, ತುಂಬಿದ ಮಡಕೆ ಎತ್ತುವಾಗ ಅಷ್ಟೂ ಕಾಲ ಮೇಲೆ ಸುರಿಯಿತು. ಕೊಳೆಯುವ ಜಾಗದಲ್ಲಿ ಕೊಳೆಯುವ ಹಗ್ಗ ಯಾಕೆ ಕಟ್ಟುತ್ತಾರೋ. ನೈಲಾನ್ ಹಗ್ಗ ತಂದು ನಾನೇ ನೇಯ್ದೆ, ಈಗಲೂ ಗಟ್ಟಿಯಾಗಿದೆ. ತುಂಬಿದ ಮಡಕೆ ಭಾರ ಇರುತ್ತದೆ. ಬೆನ್ನು ನೋವಿರುವವರು ಒಬ್ಬರೇ ಎತ್ತಬೇಡಿ, ಒಳಗಿನದನ್ನು ಸೌಟಿನಿಂದಲೋ ಕೈಯಿಂದಲೋ ಕೆಳಗಿನದಕ್ಕೆ ದಾಟಿಸಿದರೂ ಆಯಿತು.

ಬಿರುಕು ಬಿಟ್ಟ ತಳವನ್ನು ಸ್ಕೂಟರಿನಲ್ಲಿಟ್ಟುಕೊಂಡು ಕುಂಬಾರಗೇರಿಗೆ ಹೋದೆ. ನಮ್ಮೂರಿನವರಿಗೆ ಅದು ಗೌರಿ ಗಣೇಶನ ಹೊತ್ತಲ್ಲಿ ಮಾತ್ರ ನೆನಪಾಗುವ ಬೀದಿ. ಅಲ್ಲೊಬ್ಬರು ಹಿರಿಯ ಹೆಂಗಸು ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. "ಕೇಳಿ ಅಕ್ಕ, ಬೊದ್ದು ಶಬ್ದ. ಬೆಂದಿಲ್ಲ ಸರಿಯಾಗಿ" ಅಂದರು. ಪಕ್ಕದಲ್ಲಿದ್ದ ತಮ್ಮದೊಂದನ್ನು ತಟ್ಟಿದರು. ಕಂಚಿನ ಹಾಗೆ ಠಣ್ ಅಂತು. ಅಳತೆ ತೆಗೆದುಕೊಂಡು ಹತ್ತು ದಿನಕ್ಕೆ ಹೊಸ ತಳದ ಮಡಕೆ ಮಾಡಿಕೊಟ್ಟರು, 350 ರೂಪಾಯಿ. ಎರಡು ವರ್ಷ ಆಯಿತು, ಒಂದು ಗೀರೂ ಬಿದ್ದಿಲ್ಲ. ಕೊಳ್ಳುವಾಗ ನೀವೂ ತಟ್ಟಿ ನೋಡಿ. ಆನ್‌ಲೈನಿನಲ್ಲಿ ತರಿಸಿದರೆ ಆ ಅವಕಾಶ ಇಲ್ಲ ಅನ್ನುವುದೇ ನನ್ನ ದೊಡ್ಡ ತಕರಾರು.

ಇಡುವ ಜಾಗದ ಬಗ್ಗೆ ಒಂದು ಮಾತು. ಮಳೆ ಬೀಳಬಾರದು, ನೇರ ಬಿಸಿಲೂ ಬೇಡ. ನೀರಿನ ಟ್ಯಾಂಕಿನ ಕೆಳಗೆ ಮೂರು ಇಟ್ಟಿಗೆ ಜೋಡಿಸಿ ಅದರ ಮೇಲೆ ಇಟ್ಟಿದ್ದೇನೆ. ಒಳಗೆ ಬೂದು ಬಿಳಿಯ ದಪ್ಪ ಹುಳು ಕಂಡರೆ ಹೆದರಬೇಡಿ, ಔಷಧಿ ಹೊಡೆಯಬೇಡಿ. ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ. ಸಿಪ್ಪೆಯನ್ನು ನಮ್ಮ ಕಣ್ಣೆದುರೇ ತಿಂದು ಮುಗಿಸುತ್ತದೆ, ಯಾರನ್ನೂ ಕಚ್ಚುವುದಿಲ್ಲ. ಒದ್ದೆ ಕಮ್ಮಿ ಆದರೆ ತಾನಾಗಿ ಕಮ್ಮಿಯಾಗುತ್ತದೆ.

ಯಾರಿಗೆ ಇದು ಹೊಂದುತ್ತದೆ? ದಿನಕ್ಕೆ ಐದು ನಿಮಿಷ ಕೊಡುವವರಿಗೆ, ತರಗೆಲೆ ಸಿಗುವ ಬೀದಿಯಲ್ಲಿ ಇರುವವರಿಗೆ. ಎಲೆ ಸಿಗದಿದ್ದರೆ ಬಡಗಿ ಅಂಗಡಿಯ ಮರದ ಹೊಟ್ಟು ಆಗುತ್ತದೆ, ಪ್ಲೈವುಡ್ ಕೊಯ್ದ ಹೊಟ್ಟು ಮಾತ್ರ ಬೇಡ, ಅದರಲ್ಲಿ ಗೋಂದು ಇರುತ್ತದೆ. ಇಬ್ಬರೇ ಇರುವ ಮನೆಗೆ ಮೂರು ಅಂತಸ್ತು ಬೇಕಿಲ್ಲ, ತೂತಿರುವ ಎರಡು ಹಳೇ ಕುಂಡವೇ ಸಾಕು. ಆಗಾಗ ಮನೆಗೆ ಬೀಗ ಹಾಕಿ ಹೋಗುವವರು ಹೆದರಬೇಕಿಲ್ಲ. ಹೋದ ದಸರಾ ರಜೆಯಲ್ಲಿ ಹನ್ನೆರಡು ದಿನ ಊರಲ್ಲಿರಲಿಲ್ಲ. ಮೇಲೆ ನಾಲ್ಕು ಬೆರಳು ದಪ್ಪ ಎಲೆ ಹಾಸಿ ಹೋಗಿದ್ದೆ, ಬಂದು ನೋಡಿದರೆ ಅಚ್ಚುಕಟ್ಟಾಗಿ ಕುಗ್ಗಿತ್ತು.

ಅಂಕ ಕೊಡಿ ಅಂದರೆ ಮಡಕೆಯ ವಿನ್ಯಾಸಕ್ಕೆ ಐದಕ್ಕೆ ನಾಲ್ಕೂವರೆ, ಮಾರಿದವರಿಗೆ ಒಂದೂವರೆ.

ಈ ಮಾವಿನ ಕಾಲದಲ್ಲಿ ಒಂದು ಸೆಟ್ಟು ಸಾಲಲಿಲ್ಲ. ಎದುರು ಮನೆಯವರೂ ಸಿಪ್ಪೆ ಕೊಡಲು ಶುರು ಮಾಡಿದ್ದಾರೆ, ನಾನು ಬೇಡ ಅನ್ನಲಿಲ್ಲ. ಎರಡನೇ ಸೆಟ್ಟನ್ನು ಕುಂಬಾರಗೇರಿಯಲ್ಲೇ ಹೇಳಿದ್ದೇನೆ. ನೈಲಾನ್ ಹಗ್ಗ ಕಟ್ಟಲು ಅಂಚಿನ ಸುತ್ತ ಹದಿನಾರು ತೂತು ಬೇಕು ಅಂತ ಚೀಟಿಯಲ್ಲಿ ಚಿತ್ರ ಬರೆದು ಕೊಟ್ಟೆ. ಈಗ ಕೈತುಂಬ ಗಣೇಶನ ಕೆಲಸ, ಮಳೆಯಲ್ಲಿ ಮಡಕೆ ಒಣಗುವುದೂ ಇಲ್ಲ, ಗೌರಿ ಹಬ್ಬ ಮುಗಿಯಲಿ ಅಕ್ಕ ಅಂದರು. ಮುಂಗಡ ಕೊಟ್ಟು ಬಂದಿದ್ದೇನೆ. ತರಗೆಲೆ ಆರು ಚೀಲ ಆಗಲೇ ತುಂಬಿ ಮೆಟ್ಟಿಲ ಕೆಳಗೆ ಇಟ್ಟಾಗಿದೆ.